ಎಸ್ಸೆಸ್ಸೆಲ್ಸಿ 94, ಪಿಯುಸಿ 88, ಬಿಇ 79: ಐಐಎಂ ಬೆಂಗಳೂರಿಗೆ ಚಾನ್ಸ್ ಇದೆಯಾ?

ಅಡಿಕೆ_ತೋಟ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಈ ಫೋರಂ ಓದುತ್ತಾ ಇದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಈ ವರ್ಷ, 2025ರ ನವೆಂಬರ್ 30ಕ್ಕೆ ಕ್ಯಾಟ್ (ಐಐಎಂಗಳ ಎಂಬಿಎ ಪ್ರವೇಶ ಪರೀಕ್ಷೆ) ಬರೆಯಬೇಕು ಅಂತಿದ್ದೇನೆ. ಮುಂದಿನ ವಾರ ಅರ್ಜಿ ಶುರು. ನನ್ನ ಅಂಕಗಳು ಮೇಲೆಯೇ ಇವೆ. ಮೆಕ್ಯಾನಿಕಲ್, ವಿಟಿಯು, 2022ರಲ್ಲಿ ಮುಗಿಯಿತು. ಆ ವರ್ಷದ ಸೆಪ್ಟೆಂಬರಿನಿಂದ ಪೀಣ್ಯದಲ್ಲಿ ಗೇರ್ ತಯಾರಿಸುವ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ವರ್ಷಕ್ಕೆ 4.2 ಲಕ್ಷ ಸಂಬಳ. ಊರು ಚನ್ನಗಿರಿ ತಾಲ್ಲೂಕು, ಮನೆಯಲ್ಲಿ ಅಡಿಕೆ ತೋಟ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. 3ಬಿ ಸರ್ಟಿಫಿಕೇಟ್ ಇದೆ, ಹಾಗಾಗಿ ಒಬಿಸಿ.

ಮಾಕ್ ಟೆಸ್ಟಿನಲ್ಲಿ ಒಟ್ಟು 92ರಿಂದ 94 ಪರ್ಸೆಂಟೈಲ್ (ನೂರಕ್ಕೆ ಎಷ್ಟು ಜನರಿಗಿಂತ ಮುಂದೆ ಅನ್ನುವ ಲೆಕ್ಕ) ಬರುತ್ತಿದೆ. ಗಣಿತ 96, ಡಿಐಎಲ್ಆರ್ (ಅಂಕಿಅಂಶ, ತರ್ಕದ ವಿಭಾಗ) 95, ಇಂಗ್ಲಿಷ್ ಮಾತ್ರ 78 ದಾಟುತ್ತಿಲ್ಲ.

ಹೋದ ಶನಿವಾರ ಒಂದು ಕೋಚಿಂಗ್ ಸೆಂಟರಿಗೆ ಹೋಗಿ ಕೇಳಿದೆ. ಐದು ನಿಮಿಷ ನೋಡಿ "ನಿಮ್ಮ ಪ್ರೊಫೈಲ್ ತುಂಬಾ ಸಾಧಾರಣ" ಅಂದರು. ಆ ಮಾತು ಮುಗಿಯುವ ಮೊದಲೇ 65 ಸಾವಿರದ ಪ್ಯಾಕೇಜಿನ ಕಾಗದ ಮೇಜಿನ ಮೇಲೆ ಇಟ್ಟಿದ್ದರು. ಬಸ್ಸಿನಲ್ಲಿ ಬರುವಾಗ ಪೂರ್ತಿ ಅದೇ ತಲೆಯಲ್ಲಿ. ನಿಜ ಹೇಳಿ, ಚಾನ್ಸ್ ಇದೆಯಾ? ಇಲ್ಲ ಅಂದರೆ ಇಲ್ಲ ಅಂತಲೇ ಹೇಳಿ, ಬೇಜಾರಿಲ್ಲ.

ಬನಶಂಕರಿ_ಬಸ್
ಗುರು, ಇಂಜಿನಿಯರ್ ಹುಡುಗರ ಪೈಪೋಟಿ ಹೇಗಿರುತ್ತೆ ಅಂತ ಗೊತ್ತಲ್ವಾ? 94ಕ್ಕೆ ಬೆಂಗಳೂರು ಸಿಗಲ್ಲ. 99.5ಕ್ಕಿಂತ ಕೆಳಗೆ ಯೋಚನೆ ಮಾಡ್ಬೇಡ.

ಅಡಿಕೆ_ತೋಟ
ನಾನು ಹುಡುಗಿ.

ಬನಶಂಕರಿ_ಬಸ್
ಓ, ತಪ್ಪಾಯ್ತು ಮೇಡಂ. ಹಾಗಾದ್ರೆ ಲೆಕ್ಕ ಸ್ವಲ್ಪ ಬದಲಾಗುತ್ತೆ. ತುಂಬಾ ಐಐಎಂಗಳಲ್ಲಿ ಹುಡುಗಿಯರಿಗೆ ಶಾರ್ಟ್‌ಲಿಸ್ಟ್ ಹಂತದಲ್ಲಿ ಕೆಲವು ಅಂಕ ಜಾಸ್ತಿ ಸಿಗುತ್ತೆ. ಆದ್ರೂ 94 ಸಾಲಲ್ಲ.

ಲೆಕ್ಕದ_ಮೇಷ್ಟ್ರು
ಚಾನ್ಸ್ ಮಾತು ಆಮೇಲೆ. ಮೊದಲು ಅಂಕ ಸರಿಮಾಡೋಣ ತಂಗಿ, ಯಾಕೆಂದರೆ ನೀವು ಕೊಟ್ಟ ಮೂರು ಅಂಕದಲ್ಲಿ ಎರಡರ ಮೇಲೆ ನನಗೆ ಅನುಮಾನ ಇದೆ.

ಬಿಇ 79 ಅಂತ ಬರೆದಿದ್ದೀರಿ. 2022ರಲ್ಲಿ ಮುಗಿಸಿದ್ದೀರಿ ಅಂದರೆ 2018ರ ಸ್ಕೀಮು (ಪಠ್ಯಕ್ರಮ). ನಿಮ್ಮ ಸಿಜಿಪಿಎ (ಹತ್ತಕ್ಕೆ ಸರಾಸರಿ ಗ್ರೇಡ್) 7.9 ಇರಬೇಕು, ಅದನ್ನೇ ಹತ್ತರಿಂದ ಗುಣಿಸಿದ್ದೀರಿ, ಹೌದಾ? ಆ ಸ್ಕೀಮಿಗೆ ವಿಟಿಯು ಸೂತ್ರವೇ ಬೇರೆ. ಸಿಜಿಪಿಎಯಿಂದ 0.75 ಕಳೆದು ಆಮೇಲೆ ಹತ್ತರಿಂದ ಗುಣಿಸಬೇಕು. 7.9ರಲ್ಲಿ 0.75 ಹೋದರೆ 7.15. ಅಂದರೆ 71.5. ನಿಮ್ಮ ಯೂನಿವರ್ಸಿಟಿ ಹೇಳಿದ ಸೂತ್ರವನ್ನೇ ಬಳಸಬೇಕು, ನಮಗೆ ಇಷ್ಟ ಬಂದದ್ದಲ್ಲ.

ಎರಡನೆಯದು ಪಿಯುಸಿ. 88 ಅಂದದ್ದು ಆರೂ ವಿಷಯ ಸೇರಿಸಿಯಾ, ಇಲ್ಲಾ ಬರೀ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಲೆಕ್ಕವಾ? ಸಿಇಟಿ ಗುಂಗಿನಲ್ಲಿ ನಮ್ಮ ಮಕ್ಕಳೆಲ್ಲ ಪಿಸಿಎಂ ಅಂಕವನ್ನೇ ಪಿಯುಸಿ ಅಂಕ ಅಂತ ನೆನಪಿಟ್ಟುಕೊಂಡಿರುತ್ತಾರೆ. ಕ್ಯಾಟ್ ಅರ್ಜಿಯಲ್ಲಿ ಭಾಷೆ ಸೇರಿಸಿ 600ಕ್ಕೆ ಎಷ್ಟು ಅಂತ ಬರೆಯಬೇಕು.

ಅಡಿಕೆ_ತೋಟ
ಸರ್, ಎರಡೂ ನೀವು ಹೇಳಿದ ಹಾಗೇ. ಸಿಜಿಪಿಎ 7.9. 88 ಅಂದದ್ದು ಪಿಸಿಎಂ. ಈಗ ಟ್ರಂಕಿನಿಂದ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿದೆ. 600ಕ್ಕೆ 498. ಅಂದರೆ 83. ಕನ್ನಡ 92, ಬಯಾಲಜಿ 76, ಇಂಗ್ಲಿಷ್ 66. ಇಂಗ್ಲಿಷ್ ಕೆಳಗೆ ಎಳೆದಿದೆ. ಎಸ್ಸೆಸ್ಸೆಲ್ಸಿ 625ಕ್ಕೆ 589, ಅದು ಸರಿ ಇದೆ.

ಹಾಗಾದರೆ 94, 83, 71.5. ಅರ್ಧ ಗಂಟೆಯಲ್ಲಿ ನನ್ನ ಪ್ರೊಫೈಲ್ ಇಷ್ಟು ಇಳಿಯಿತಲ್ಲ ಸರ್.

ಲೆಕ್ಕದ_ಮೇಷ್ಟ್ರು
ಇಳಿಯಲಿಲ್ಲ, ಮೊದಲಿಂದಲೂ ಇದ್ದದ್ದು ಅಷ್ಟೇ. ಈಗ ಗೊತ್ತಾಗಿದ್ದು ಒಳ್ಳೆಯದಾಯಿತು. ತಪ್ಪು ಅಂಕ ತುಂಬಿ ಇಂಟರ್‌ವ್ಯೂವರೆಗೆ ಹೋಗಿ, ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದು ವಾಪಸ್ ಬಂದ ಹುಡುಗನೊಬ್ಬ ನನಗೆ ಗೊತ್ತು. ಮೋಸ ಮಾಡುವ ಹುಡುಗ ಅಲ್ಲ. ನಿಮ್ಮ ಹಾಗೇ ಹತ್ತರಿಂದ ಗುಣಿಸಿದ್ದ ಅಷ್ಟೇ. ಆ ಒಂದು ವರ್ಷ ಹೋಯಿತು.

ತುಂಗಾ_ತೀರ
3ಬಿ ವಿಷಯ ಯಾರೂ ಹೇಳಲಿಲ್ಲ, ಅದು ಇದಕ್ಕಿಂತ ದೊಡ್ಡದು. ಅಕ್ಕ, 3ಬಿ ನಮ್ಮ ರಾಜ್ಯದ ಪಟ್ಟಿ. ಐಐಎಂ ಕೇಂದ್ರ ಸರ್ಕಾರದ ಸಂಸ್ಥೆ, ಅಲ್ಲಿ ನಡೆಯುವುದು ಕೇಂದ್ರದ ಒಬಿಸಿ ಪಟ್ಟಿ. ಎರಡೂ ಒಂದೇ ಅಲ್ಲ. 3ಎ, 3ಬಿ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಕೇಂದ್ರದಲ್ಲಿ ಒಬಿಸಿ ಆಗುವುದಿಲ್ಲ. ಲಿಂಗಾಯತರಲ್ಲಿ ಕೆಲವು ಉಪಪಂಗಡಗಳು ಮಾತ್ರ ಕೇಂದ್ರದ ಪಟ್ಟಿಯಲ್ಲಿವೆ. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ವೆಬ್‌ಸೈಟಿನಲ್ಲಿ ಕರ್ನಾಟಕದ ಪಟ್ಟಿ ತೆಗೆದು, ನಿಮ್ಮ ಸರ್ಟಿಫಿಕೇಟಿನಲ್ಲಿ ಬರೆದಿರುವ ಹೆಸರು ಅಲ್ಲಿ ಹಾಗೇ ಇದೆಯಾ ನೋಡಿ. ಇದ್ದರೆ ಕೇಂದ್ರದ ನಮೂನೆಯಲ್ಲಿ, ಕೆನೆಪದರ ಅಲ್ಲ ಅಂತ ಹೊಸ ಸರ್ಟಿಫಿಕೇಟ್ ಮಾಡಿಸಬೇಕು. ರಾಜ್ಯದ್ದು ನಡೆಯುವುದಿಲ್ಲ.

ಅಡಿಕೆ_ತೋಟ
ನೋಡಿದೆ. ನಮ್ಮದು ಆ ಪಟ್ಟಿಯಲ್ಲಿ ಇಲ್ಲ. ಮೂರು ಸಲ ನೋಡಿದೆ.

ಮಂಡ್ಯ_ಬೆಲ್ಲ
ಬೇಜಾರು ಮಾಡ್ಕೋಬೇಡಿ ಅಕ್ಕ. ನಮ್ಮ ಮನೆಯಲ್ಲೂ ಇದೇ ಆಯ್ತು, ನಮ್ಮದು 3ಎ. ಅಣ್ಣ ಒಬಿಸಿ ಅಂತ ತುಂಬಿ ಆಮೇಲೆ ತಿಳಿದು ಅತ್ತಿದ್ದ. ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ನೋಡಿದ್ರಾ? 10 ಪರ್ಸೆಂಟ್ ಸೀಟಿದೆ. ಕೇಂದ್ರದ ಬೇರೆ ಯಾವ ಮೀಸಲಾತಿಯೂ ಇಲ್ಲದವರಿಗೆ.

ತುಂಗಾ_ತೀರ
ಇಡಬ್ಲ್ಯೂಎಸ್‌ಗೆ ಮನೆಯ ಒಟ್ಟು ಆದಾಯ 8 ಲಕ್ಷದ ಒಳಗಿರಬೇಕು, ಬೇಸಾಯದ ಆದಾಯವೂ ಸೇರುತ್ತದೆ. ಜೊತೆಗೆ ಕೃಷಿ ಜಮೀನು 5 ಎಕರೆಗಿಂತ ಕಡಿಮೆ ಇರಬೇಕು. ತೋಟ ಎಷ್ಟಿದೆ?

ಅಡಿಕೆ_ತೋಟ
6 ಎಕರೆ 10 ಗುಂಟೆ. ಅಪ್ಪನ ಹೆಸರಿನಲ್ಲೇ ಇದೆ. ಆಗುವುದಿಲ್ಲ. ಜನರಲ್ ಅಂತಲೇ ತುಂಬುತ್ತೇನೆ.

ಬನಶಂಕರಿ_ಬಸ್
ಮೀಸಲಾತಿಯೇ ಇಲ್ಲದಿದ್ರೆ ಈ ತಲೆನೋವೇ ಇರ್ತಿರಲಿಲ್ಲ.

ಮಂಡ್ಯ_ಬೆಲ್ಲ
ಅದು ನಿಮ್ಮ ಅಭಿಪ್ರಾಯ. ನನ್ನ ರೂಂಮೇಟ್ ಎಸ್‌ಟಿ, ಎಚ್.ಡಿ. ಕೋಟೆ ಕಡೆಯವಳು. ಅವಳ ಹಾಡಿಯಿಂದ ಡಿಗ್ರಿ ಮಾಡಿದ ಮೊದಲ ಹುಡುಗಿ. ಆ ಸೀಟು ಇಲ್ಲದಿದ್ದರೆ ಅವಳು ಅರ್ಜಿಯನ್ನೇ ಹಾಕುತ್ತಿರಲಿಲ್ಲ. ಇಬ್ಬರೂ ಒಂದೇ ಮೇಜಿನಲ್ಲಿ ಓದುತ್ತೇವೆ, ಅವಳು ನನಗಿಂತ ಎರಡು ಗಂಟೆ ಜಾಸ್ತಿ ಕೂರುತ್ತಾಳೆ.

ನಿರ್ವಾಹಕ
ಮೀಸಲಾತಿ ಬೇಕಾ ಬೇಡವಾ ಅನ್ನುವುದಕ್ಕೆ ಬೇರೆ ಎಳೆ ಇದೆ. ಇಲ್ಲಿ ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡಿ.

ಹಾಸನದ_ಹೈದ
ನಾನು ಎರಡು ವರ್ಷದ ಹಿಂದೆ ಒಂದು ಹೊಸ ಐಐಎಂ ಸೇರಿದವನು. ನಾನೂ ವಿಟಿಯು. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಚಾನ್ಸ್ ಇದೆಯಾ ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲ, ಯಾಕೆಂದರೆ ಪ್ರತಿ ಐಐಎಂನ ತಕ್ಕಡಿ ಬೇರೆ. ಬೆಂಗಳೂರಿನವರು ಹತ್ತು, ಹನ್ನೆರಡು, ಡಿಗ್ರಿ, ಕೆಲಸದ ಅನುಭವ ಎಲ್ಲವನ್ನೂ ತೂಗುತ್ತಾರೆ. ಹಳೆಯ ಅಂಕಕ್ಕೆ ಅಲ್ಲಿ ಬೆಲೆ ಜಾಸ್ತಿ. ಒಂದು ಸಮಾಧಾನ ಏನಂದರೆ, ಬೋರ್ಡ್ ನೋಡಿ ಅಂಕ ಹೊಂದಿಸುತ್ತಾರೆ. ಸಿಬಿಎಸ್‌ಇ 95ನ್ನೂ ನಮ್ಮ ಬೋರ್ಡಿನ 95ನ್ನೂ ಸುಮ್ನೆ ಪಕ್ಕದಲ್ಲಿಟ್ಟು ನೋಡುವುದಿಲ್ಲ. ಕೋಲ್ಕತ್ತಾದವರು ಶಾರ್ಟ್‌ಲಿಸ್ಟಿಗೆ ಡಿಗ್ರಿ ಅಂಕ ಬಿಟ್ಟು ಹತ್ತು, ಹನ್ನೆರಡನ್ನು ತೂಗುತ್ತಾ ಬಂದಿದ್ದಾರೆ. ಅಲ್ಲಿ ನಿಮ್ಮ 71.5 ಕಾಡುವುದಿಲ್ಲ, ಆದರೆ 83 ಕಾಡುತ್ತದೆ. ಇಂದೋರ್‌ನಲ್ಲೂ ಹತ್ತು, ಹನ್ನೆರಡಕ್ಕೆ ಭಾರ ಜಾಸ್ತಿ. ಹೊಸ ಐಐಎಂಗಳಲ್ಲಿ ಹಲವು ಸೇರಿ ಕ್ಯಾಪ್ ಅಂತ ಒಂದೇ ಇಂಟರ್‌ವ್ಯೂ ಮಾಡುತ್ತವೆ. ಅಲ್ಲಿಗೆ ಕರೆ ಬರಲು ಕ್ಯಾಟ್ ಅಂಕವೇ ಮುಖ್ಯ.

ಹಾಗಾಗಿ ಉಲ್ಟಾ ಲೆಕ್ಕ ಹಾಕಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರೂ ಕಲ್ಲಿನಲ್ಲಿ ಕೆತ್ತಿ ಆಗಿದೆ. ಪ್ರತಿ ಸಂಸ್ಥೆಯೂ ತನ್ನ ಆಯ್ಕೆ ನಿಯಮವನ್ನು ವೆಬ್‌ಸೈಟಿನಲ್ಲಿ ಹಾಕುತ್ತದೆ. ಅದನ್ನು ತೆಗೆದು ನಿಮ್ಮ ಮೂರು ಅಂಕ ತುಂಬಿ, ಉಳಿದದ್ದನ್ನು ಕ್ಯಾಟ್‌ನಿಂದ ಎಷ್ಟು ತುಂಬಬೇಕು ಅಂತ ನೋಡಿ. ನಾನು ಹಾಗೆ ಮಾಡಿದಾಗ ಎರಡು ಕಾಲೇಜಿಗೆ 100 ಪರ್ಸೆಂಟೈಲ್ ಬಂದರೂ ಕರೆ ಬರುವುದು ಕಷ್ಟ ಅಂತ ಗೊತ್ತಾಯಿತು. ಆ ದಿನವೇ ಅವೆರಡರ ಆಸೆ ಬಿಟ್ಟೆ. ಮನಸ್ಸು ಹಗುರಾಯಿತು.

ಕಾಫಿ_ಪುಡಿ
ಇದಕ್ಕೆಲ್ಲ ಆನ್‌ಲೈನ್ ಪ್ರಿಡಿಕ್ಟರ್ ಇದೆಯಲ್ಲ, ಅಂಕ ಹಾಕಿದ್ರೆ ಕಾಲೇಜಿನ ಪಟ್ಟಿ ಬರುತ್ತೆ.

ಹಾಸನದ_ಹೈದ
ನನಗೆ 12 ಕರೆ ಬರುತ್ತೆ ಅಂದಿತ್ತು. ಬಂದದ್ದು 2. ಫೋನ್ ನಂಬರ್ ಕೊಟ್ಟದ್ದಕ್ಕೆ ಆರು ತಿಂಗಳು ಕೋಚಿಂಗ್‌ನವರ ಕರೆ ಮಾತ್ರ ತಪ್ಪದೆ ಬಂತು.

ಲೆಕ್ಕದ_ಮೇಷ್ಟ್ರು
ಪರ್ಸೆಂಟೈಲ್ ಅಂದರೆ ಎಷ್ಟು ಜನ ಅಂತ ಒಮ್ಮೆ ಎಣಿಸಿ ನೋಡಿ. 2024ರಲ್ಲಿ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ. 94 ಅಂದರೆ ನಿಮ್ಮ ಮುಂದೆ 17 ಸಾವಿರಕ್ಕೂ ಜಾಸ್ತಿ ಜನ. 99 ಅಂದರೆ 2,900. 99.5ಕ್ಕೆ ಹೋದರೆ 1,450ರ ಹತ್ತಿರ. 94ರಿಂದ 99 ಬರೀ ಐದು ಮೆಟ್ಟಿಲಲ್ಲ, 14 ಸಾವಿರ ಜನರನ್ನು ದಾಟುವ ದಾರಿ.

ಹಾಗಂತ ಹೆದರುವಂಥದ್ದೂ ಅಲ್ಲ. 2023ರ ಪೇಪರಿನಲ್ಲಿ 198 ಅಂಕಕ್ಕೆ 75ರ ಆಸುಪಾಸು ಬಂದವರಿಗೆ 99 ಸಿಕ್ಕಿದೆ. ಸರಿ ಉತ್ತರಕ್ಕೆ 3, ತಪ್ಪಿಗೆ 1 ಹೋಗುತ್ತದೆ. 66 ಪ್ರಶ್ನೆಯಲ್ಲಿ 28 ಸರಿ, 9 ತಪ್ಪು ಮಾಡಿದರೆ 75. ಉಳಿದ 29 ಪ್ರಶ್ನೆ ಮುಟ್ಟದೇ ಬಿಡಿ, ಏನೂ ಆಗುವುದಿಲ್ಲ. ನಮ್ಮ ಶಾಲೆಯ ಪರೀಕ್ಷೆ 'ಒಂದೂ ಬಿಡಬೇಡ' ಅಂತ ಕಲಿಸಿದೆ. ಇದು ಬಿಡುವುದನ್ನು ಕಲಿಯುವ ಪರೀಕ್ಷೆ. 25 ವರ್ಷ ಗಣಿತ ಹೇಳಿಕೊಟ್ಟವನು ನಾನು, ಜಾಣ ಮಕ್ಕಳು ಸೋಲುವುದು ಇಲ್ಲೇ. ಒಂದು ಲೆಕ್ಕ ಹಿಡಿದರೆ ಬಿಡುವುದಿಲ್ಲ, ಏಳು ನಿಮಿಷ ಅದರಲ್ಲೇ ಹೋಗುತ್ತದೆ. ಒಂದು ವಿಭಾಗಕ್ಕೆ ಇರುವುದೇ 40 ನಿಮಿಷ.

ಕಡಲ_ಕರೆ
ಇಂಗ್ಲಿಷ್ 78 ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ಪ್ರತಿ ವಿಭಾಗಕ್ಕೂ ಕನಿಷ್ಠ ಕಟ್‌ಆಫ್ ಇರುತ್ತದೆ. ಬೆಂಗಳೂರಿನಲ್ಲಿ 2024ರಲ್ಲಿ ಸೇರಿದ ಬ್ಯಾಚಿಗೆ ಜನರಲ್‌ನವರಿಗೆ ವಿಎಆರ್‌ಸಿ, ಅಂದರೆ ಇಂಗ್ಲಿಷ್ ವಿಭಾಗ, ಕನಿಷ್ಠ 80 ಇತ್ತು. ಅಂದರೆ ಗಣಿತದಲ್ಲಿ 99.9 ತೆಗೆದರೂ ಇಂಗ್ಲಿಷ್ 78 ಆದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಮೊದಲು ಅದು ಸರಿಯಾಗಬೇಕು.

ಅಡಿಕೆ_ತೋಟ
ಅದೇ ಭಯ. ಓದುವಾಗ ಅರ್ಥ ಆಗುತ್ತದೆ, ನಾಲ್ಕು ಆಯ್ಕೆ ನೋಡಿದ ತಕ್ಷಣ ಎಲ್ಲವೂ ಸರಿ ಅನ್ನಿಸುತ್ತದೆ.

ಹಾಸನದ_ಹೈದ
ನಾನೂ ಕನ್ನಡ ಮಾಧ್ಯಮ. ನನಗೆ ಕೆಲಸ ಮಾಡಿದ್ದು ಹೇಳುತ್ತೇನೆ. ದಿನಕ್ಕೆ ಒಂದು ಇಂಗ್ಲಿಷ್ ಸಂಪಾದಕೀಯ ಓದಿ, ಪ್ರತಿ ಪ್ಯಾರಾಕ್ಕೂ ಪಕ್ಕದಲ್ಲಿ ಕನ್ನಡದಲ್ಲಿ ಒಂದೇ ಸಾಲು ಬರೆಯುತ್ತಿದ್ದೆ. 'ಇವರು ಇಲ್ಲಿ ಯಾರನ್ನು ಬೈತಿದ್ದಾರೆ', 'ಇಲ್ಲಿ ಒಪ್ಪಿಕೊಂಡ ಹಾಗೆ ಮಾಡಿ ಮುಂದೆ ತಿರುಗಿದರು', ಹೀಗೆ. ಇಂಗ್ಲಿಷಿನಲ್ಲೇ ಬರೆದರೆ ಅವರ ಪದಗಳನ್ನೇ ಎತ್ತಿ ಬರೆಯುತ್ತೇವೆ, ಅರ್ಥ ಆಯಿತಾ ಇಲ್ಲವಾ ನಮಗೇ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಬರೆಯಬೇಕಾದರೆ ಅರ್ಥ ಆಗಲೇಬೇಕು. ಮೂರು ತಿಂಗಳಲ್ಲಿ 74ರಿಂದ 91ಕ್ಕೆ ಬಂದೆ.

ಇನ್ನೊಂದು. 24 ಪ್ರಶ್ನೆಯಲ್ಲಿ 16 ಪ್ಯಾಸೇಜಿನವು, 4 ಪ್ಯಾಸೇಜ್. ನಾನು ಮೂರನ್ನೇ ಓದುತ್ತಿದ್ದೆ, ಸಮಾಧಾನವಾಗಿ. ನಾಲ್ಕನೆಯದು ಮುಟ್ಟುತ್ತಿರಲಿಲ್ಲ. ಆಯ್ಕೆ ಇಲ್ಲದೆ ನಾವೇ ಉತ್ತರ ಟೈಪ್ ಮಾಡುವ ಪ್ರಶ್ನೆಗೆ ನೆಗೆಟಿವ್ ಇಲ್ಲ, ಅದನ್ನು ಮಾತ್ರ ಖಾಲಿ ಬಿಡಬೇಡಿ.

ಧಾರವಾಡ_ಫೇಡೆ
ಇಷ್ಟೆಲ್ಲಾ ಯಾಕ್ರೀ? ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೀರಿ, ನಮ್ಮ ರಾಜ್ಯದಾಗ ಎಂಬಿಎ ಮಾಡ್ರಿ. ಧಾರವಾಡದಾಗ ಕೌಸಾಳಿ ಐತಿ, ಮೈಸೂರಾಗ ಬಹದ್ದೂರ್ ಸಂಸ್ಥೆ ಐತಿ. 25 ಲಕ್ಷ ಸಾಲ ಮಾಡಿ ಐಐಎಂ ಮಾಡೂದು ರೈತರ ಮಕ್ಕಳಿಗೆ ಹೊರೆ.

ಪೀಣ್ಯ_2ನೇ_ಹಂತ
ರೀ ಫೇಡೆ ಅವರೇ, ರೈತರ ಮಕ್ಕಳು ಸಣ್ಣದರಲ್ಲೇ ಇರಬೇಕಾ? ಸಾಲ ಹೊರೆಯಾ ಅಲ್ಲವಾ ಅನ್ನುವುದು ಆಮೇಲೆ ಸಿಗುವ ಕೆಲಸದ ಮೇಲೆ ನಿಂತಿದೆ. ಲೆಕ್ಕ ಹಾಕೋಣ. 25 ಲಕ್ಷ, ಶೇ 9 ಬಡ್ಡಿ, ಹತ್ತು ವರ್ಷ ಅಂದರೆ ತಿಂಗಳಿಗೆ 31,700 ರೂಪಾಯಿ ಹತ್ತಿರ ಕಂತು. ಓದುವಾಗಿನ ಬಡ್ಡಿ ಸೇರಿದರೆ ಇನ್ನೂ ಸ್ವಲ್ಪ ಜಾಸ್ತಿ. ಈಗಿನ 4.2 ಲಕ್ಷ ಸಂಬಳದಲ್ಲಿ ಅದು ಆಗದ ಮಾತು. ಒಳ್ಳೆ ಐಐಎಂನಿಂದ ಬಂದ ಮೇಲೆ ಆಗುತ್ತದೆ. ಮನೆ, ತೋಟ ಅಡ ಇಡುವುದೂ ಬೇಡ, ಐಐಎಂನಂಥ ಸಂಸ್ಥೆಗಳಿಗೆ ಎಸ್‌ಬಿಐ ಸ್ಕಾಲರ್ ಸಾಲ ಇದೆ.

ಧಾರವಾಡ_ಫೇಡೆ
ಸಣ್ಣದರಾಗ ಇರ್ರಿ ಅಂತ ನಾ ಅನ್ನಲಿಲ್ಲರೀ. ನನ್ನ ತಮ್ಮ ಬೆಂಗಳೂರಾಗ ಒಂದು ಖಾಸಗಿ ಕಾಲೇಜಿನ್ಯಾಗ 14 ಲಕ್ಷ ಕೊಟ್ಟು ಎಂಬಿಎ ಮಾಡ್ಯಾನ. 'ಸರಾಸರಿ ಸಂಬಳ 11 ಲಕ್ಷ' ಅಂತ ಬೋರ್ಡ್ ಹಾಕಿದ್ರು. ಅವಗ ಸಿಕ್ಕಿದ್ದು 5 ಲಕ್ಷದ್ದು, ಮನಿ ಮನಿಗೆ ಹೋಗಿ ಲೋನ್ ಮಾರೂ ಕೆಲಸ. ಅಪ್ಪ ಎರಡು ಎಕರೆ ಮಾರಿದ್ರು. ಅದಕ್ಕ ಹೇಳಿದೆ.

ಪೀಣ್ಯ_2ನೇ_ಹಂತ
ಕ್ಷಮಿಸಿ ಸರ್, ಗೊತ್ತಿರಲಿಲ್ಲ. ನೀವು ಹೇಳಿದ್ದು ಸರಿ. ಸರಾಸರಿ ನೋಡಬಾರದು, ಮೀಡಿಯನ್ ಕೇಳಬೇಕು. ನಾಲ್ಕು ಜನಕ್ಕೆ 40 ಲಕ್ಷ ಸಿಕ್ಕಿದರೆ ಸರಾಸರಿ ಮೇಲೆ ಹಾರುತ್ತದೆ, ನಡುವಿನ ಹುಡುಗನ ಸಂಬಳ ಅಲ್ಲೇ ಇರುತ್ತದೆ.

ತುಂಗಾ_ತೀರ
ಕಡಿಮೆ ಫೀಸಿನವೂ ಇವೆ. ದೆಹಲಿ ವಿವಿಯ ಎಂಬಿಎ ಕಾಲೇಜು ಎಫ್ಎಂಎಸ್‌ನಲ್ಲಿ ಎರಡು ವರ್ಷಕ್ಕೆ ಎರಡು ಲಕ್ಷ ಚಿಲ್ಲರೆ ಅಷ್ಟೇ, ಹಾಗಾಗಿ ಪೈಪೋಟಿಯೂ ಹಾಗೇ. ನಮ್ಮ ಬೆಂಗಳೂರಿನಲ್ಲೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅದೇ ಐಐಎಸ್‌ಸಿಯಲ್ಲಿ, ಮಾಸ್ಟರ್ ಆಫ್ ಮ್ಯಾನೇಜ್‌ಮೆಂಟ್ ಅಂತ ಎರಡು ವರ್ಷದ ಕೋರ್ಸ್ ಇದೆ. ಇಂಜಿನಿಯರುಗಳಿಗೆ, ಕ್ಯಾಟ್ ಅಂಕ ನಡೆಯುತ್ತದೆ, ಸಣ್ಣ ಬ್ಯಾಚು. ತುಂಬಾ ಜನಕ್ಕೆ ಗೊತ್ತೇ ಇಲ್ಲ. ಮಣಿಪಾಲದ ಟ್ಯಾಪ್ಮಿಯನ್ನೂ ನೋಡಿ.

ಆದರೆ ನೆನಪಿಡಿ, ಕ್ಯಾಟ್ ಅರ್ಜಿ ತುಂಬಿದರೆ ಐಐಎಂಗಳಿಗೆ ಮಾತ್ರ ಹೋಗುತ್ತದೆ. ಉಳಿದವಕ್ಕೆಲ್ಲ ಬೇರೆ ಬೇರೆ ಫಾರಂ, ಬೇರೆ ಫೀಸು, ಬೇರೆ ಕೊನೇ ದಿನ. ನಾನು ಒಂದಕ್ಕೆ ಫಾರಂ ಹಾಕಬೇಕು ಅಂತ ಗೊತ್ತಿಲ್ಲದೆ ಕೂತಿದ್ದೆ. ಫಲಿತಾಂಶ ಬಂದ ಮೇಲೆ ನೋಡಿದರೆ ಕೊನೇ ದಿನ ಮುಗಿದು ತಿಂಗಳಾಗಿತ್ತು.

ಚಿಕಾಗೋ_ಚಳಿ
ಇಲ್ಲಿಂದ ಒಂದು ಮಾತು. ಅಮೆರಿಕದ ಬಿಸಿನೆಸ್ ಸ್ಕೂಲುಗಳಲ್ಲಿ ಹತ್ತನೇ ಕ್ಲಾಸಿನ ಅಂಕ ಯಾರೂ ತೂಗುವುದಿಲ್ಲ. ಡಿಗ್ರಿ ಅಂಕಪಟ್ಟಿ, ಜಿಮ್ಯಾಟ್ ಅಥವಾ ಜಿಆರ್‌ಇ ಪ್ರವೇಶ ಪರೀಕ್ಷೆ, ಪ್ರಬಂಧ, ನಿಮ್ಮ ಕೆಲಸ ನೋಡಿದವರ ಶಿಫಾರಸು ಪತ್ರ. ಜಿಮ್ಯಾಟ್ ಕೂಡ ಈಗ ಚಿಕ್ಕದಾಗಿದೆ, ಮೂರು ವಿಭಾಗ, ಎರಡೂ ಕಾಲು ಗಂಟೆ, 805ಕ್ಕೆ ಅಂಕ. ಆದರೆ ಮೇಲಿನ ಕಾಲೇಜುಗಳಲ್ಲಿ ಊಟ, ವಸತಿ ಸೇರಿ ಎರಡು ವರ್ಷಕ್ಕೆ ಎರಡು ಕೋಟಿ ಹತ್ತಿರ ಹೋಗುತ್ತದೆ. ವೀಸಾ ಚಿಂತೆ ಬೇರೆ. ಸ್ಕಾಲರ್‌ಶಿಪ್ ಇಲ್ಲದೆ ಈಗ ಬನ್ನಿ ಅಂತ ನಾನು ಹೇಳುವುದಿಲ್ಲ. ಇಂಡಿಯಾದಲ್ಲೇ ಐಎಸ್‌ಬಿ ಅನ್ನುವ ಬಿಸಿನೆಸ್ ಸ್ಕೂಲ್ ಇದೆ, ಕೋರ್ಸ್ ಒಂದು ವರ್ಷದ್ದು, ಅಲ್ಲೂ ಪ್ರಬಂಧ ಮತ್ತು ಅನುಭವಕ್ಕೆ ಬೆಲೆ. ಐದು ವರ್ಷ ಅನುಭವ ಆದ ಮೇಲೆ ಐಐಎಂ ಬೆಂಗಳೂರಿನದೇ ಒಂದು ವರ್ಷದ ಇಪಿಜಿಪಿ ಅನ್ನುವ ಎಂಬಿಎ ಕೋರ್ಸ್ ಇದೆ. ಈ ಸಲ ಬಾಗಿಲು ತೆರೆಯದಿದ್ದರೆ ಅದೊಂದೇ ಬಾಗಿಲಲ್ಲ.

ಕಾಫಿ_ಪುಡಿ
ಅದೆಲ್ಲ ಸರಿ, ಚನ್ನಗಿರಿ ಅಂದ್ರಲ್ಲ, ಈಗ ರಾಶಿ ಅಡಿಕೆ ರೇಟು ಎಷ್ಟು ನಡೀತಿದೆ ಅಕ್ಕ? ನಮ್ಮ ಮಾವ ಕೇಳ್ತಿದ್ರು.

ಅಡಿಕೆ_ತೋಟ
50 ಸಾವಿರ ದಾಟಿದೆ ಕ್ವಿಂಟಲ್‌ಗೆ. ನಮ್ಮ ಅಡಿಕೆ ಸಹಕಾರ ಸಂಘ ತುಮ್‌ಕೋಸ್‌ನಲ್ಲಿ ಕೇಳಿ, ದಿನಾ ಬದಲಾಗುತ್ತದೆ. ಅಪ್ಪ ಇನ್ನೂ ಕೊಟ್ಟಿಲ್ಲ, ಕಾಯುತ್ತಿದ್ದಾರೆ.

ಲೆಕ್ಕದ_ಮೇಷ್ಟ್ರು
ಯಾಕೆ ಕಾಯುತ್ತಿದ್ದಾರೆ?

ಅಡಿಕೆ_ತೋಟ
ಹಬ್ಬದ ಹೊತ್ತಿಗೆ ಉತ್ತರದ ಕಡೆಯಿಂದ ಬೇಡಿಕೆ ಬರುತ್ತದೆ ಅಂತ. ಆದರೆ ಕಳ್ಳ ಮಾಲು ಬಂದರೆ ಬೆಲೆ ಬಿದ್ದುಹೋಗುತ್ತದೆ. 2022ರಲ್ಲಿ ಭೂತಾನಿನಿಂದ 17 ಸಾವಿರ ಟನ್ ಹಸಿ ಅಡಿಕೆ ತರಿಸಲು ಬಿಟ್ಟಾಗ ನಮ್ಮ ಕಡೆ ಎಲ್ಲರೂ ಗಾಬರಿಯಾಗಿದ್ದರು. ಆಮೇಲೆ 2023ರಲ್ಲಿ ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351ಕ್ಕೆ ಏರಿಸಿದರು. ಅಪ್ಪ ಅದನ್ನೆಲ್ಲ ಡೈರಿಯಲ್ಲಿ ಬರೆದಿಡುತ್ತಾರೆ. ಪ್ರತಿ ವಾರದ ದರ, ಯಾವ ವಾರ ಯಾಕೆ ಏರಿತು, ಇಳಿಯಿತು ಅಂತ ಪಕ್ಕದಲ್ಲಿ ಎರಡು ಪದ. ಹನ್ನೊಂದು ವರ್ಷದ ಡೈರಿ ಇದೆ. ನಾನು ಪಿಯುಸಿಯಲ್ಲಿದ್ದಾಗ ಅದಕ್ಕೊಂದು ಗ್ರಾಫ್ ಹಾಕಿಕೊಟ್ಟಿದ್ದೆ.

ಹಾಸನದ_ಹೈದ
ಅಕ್ಕ, ನಿಮ್ಮ ಪ್ರೊಫೈಲ್ ಸಾಧಾರಣ ಅಂದವರು ಇದನ್ನು ಕೇಳಿದ್ದರಾ?

ನನ್ನ ಇಂಟರ್‌ವ್ಯೂ ಹೇಳುತ್ತೇನೆ. ಇಬ್ಬರು ಪ್ರೊಫೆಸರ್. ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ಹಾಸನದ ಆಲೂಗಡ್ಡೆ ಬಗ್ಗೆಯೇ ಕೇಳಿದರು. ಬಿತ್ತನೆ ಬೀಜ ಎಲ್ಲಿಂದ ಬರುತ್ತದೆ, ರೋಗ ಬಂದ ವರ್ಷ ರೈತ ಏನು ಬೆಳೆದ, ಕೋಲ್ಡ್ ಸ್ಟೋರೇಜ್‌ನವರ ಲಾಭ ಎಲ್ಲಿದೆ. ನನಗೆ ಅರ್ಧ ಗೊತ್ತಿತ್ತು, ಅರ್ಧ ಗೊತ್ತಿಲ್ಲ ಅಂದೆ. ಪಕ್ಕದ ಬೆಂಚಿನಲ್ಲಿ ಕೂತಿದ್ದ ಹುಡುಗ ದೇಶದ ಜಿಡಿಪಿ ಬಾಯಿಪಾಠ ಮಾಡಿ ಬಂದಿದ್ದ, ಅವನಿಗೆ ಅದನ್ನು ಯಾರೂ ಕೇಳಲಿಲ್ಲ.

ಬನಶಂಕರಿ_ಬಸ್
ಅದು ಇಂಟರ್‌ವ್ಯೂಗೆ ಸರಿ. ಮೊದಲು ಕರೆ ಬರಬೇಕಲ್ಲ? ಕರೆ ಬರುವವರೆಗೆ ಯಾರೂ ಅಪ್ಪನ ಡೈರಿ ನೋಡಲ್ಲ. ಕಂಪ್ಯೂಟರ್ ನೋಡೋದು 94, 83, 71.5 ಮಾತ್ರ. ಸುಮ್ನೆ ಆಸೆ ತೋರಿಸ್ಬೇಡಿ.

ಹಾಸನದ_ಹೈದ
ಒಪ್ಪುತ್ತೇನೆ. ಕರೆ ಬರುವುದು ಅಂಕದಿಂದ. ಸೀಟು ಸಿಗುವುದು ಮಾತಿನಿಂದ. ಎರಡೂ ಬೇಕು.

ಪೀಣ್ಯ_2ನೇ_ಹಂತ
ನಾನೂ ಪೀಣ್ಯದಲ್ಲೇ ಕೆಲಸ, ಹದಿನಾರು ವರ್ಷ. ಮೂರು ವರ್ಷದಲ್ಲಿ ಕಾರ್ಖಾನೆಯಲ್ಲಿ ಏನು ಮಾಡಿದ್ದೀರಿ ಅಂತ ಕೇಳಿದರೆ ಏನು ಹೇಳ್ತೀರಮ್ಮ? 'ಇನ್‌ಸ್ಪೆಕ್ಷನ್ ಮಾಡುತ್ತೇನೆ' ಅಂದರೆ ಮುಗೀತು, ಅದು ಎಲ್ಲರೂ ಮಾಡುತ್ತಾರೆ.

ಅಡಿಕೆ_ತೋಟ
ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಅಂದುಕೊಂಡಿದ್ದೆ. ಒಂದು ವಿಷಯ ಇದೆ. ನಮ್ಮಲ್ಲಿ ಎರಡನೇ ಶಿಫ್ಟಿನ ಮಾಲು ಗ್ರಾಹಕರ ಕಡೆಯಿಂದ ಜಾಸ್ತಿ ವಾಪಸ್ ಬರುತ್ತಿತ್ತು. ಮೆಷಿನ್ ಸರಿ ಇತ್ತು, ಟೂಲ್ ಬದಲಾಯಿಸಿದರೂ ಕಡಿಮೆ ಆಗಲಿಲ್ಲ. ನಾನು ನಾಲ್ಕು ದಿನ ಆ ಶಿಫ್ಟಿನಲ್ಲಿ ನಿಂತು ನೋಡಿದೆ. ಬೋರ್, ಅಂದರೆ ರಂಧ್ರದ ಅಳತೆ ನೋಡುವ ಗೋ, ನೋ-ಗೋ ಗೇಜಿನ (ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು) ಎರಡು ತುದಿಯನ್ನು ಹೊಸ ಹುಡುಗರು ಅದಲು ಬದಲು ಮಾಡುತ್ತಿದ್ದರು. ಗೇಜಿನ ಮೇಲಿನ ಅಕ್ಷರ ಸವೆದುಹೋಗಿತ್ತು. ಸೂಚನೆಯ ಹಾಳೆ ಇಂಗ್ಲಿಷಿನಲ್ಲಿತ್ತು, ಅವರಲ್ಲಿ ಅರ್ಧ ಜನ ಒಡಿಶಾ, ಬಿಹಾರದವರು, ಅರ್ಧ ಜನ ನಮ್ಮ ಕಡೆಯವರು.

ನಾನು ಒಂದು ತುದಿಗೆ ಹಸಿರು, ಇನ್ನೊಂದಕ್ಕೆ ಕೆಂಪು ಬಣ್ಣ ಬಳಿಸಿದೆ. ಕನ್ನಡದಲ್ಲಿ ನಾನು, ಹಿಂದಿಯಲ್ಲಿ ಒಬ್ಬ ಆಪರೇಟರ್, ಚಿತ್ರ ಹಾಕಿ ಬೋರ್ಡ್ ಬರೆದೆವು. ತಿಂಗಳಿಗೆ 40ರ ಹತ್ತಿರ ವಾಪಸ್ ಬರುತ್ತಿದ್ದ ಪೀಸ್ 10ರ ಒಳಗೆ ಬಂತು. ಬಣ್ಣಕ್ಕೆ 180 ರೂಪಾಯಿ ಖರ್ಚಾಗಿತ್ತು.

ಪೀಣ್ಯ_2ನೇ_ಹಂತ
ಇದನ್ನು ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಅಂತೀರಾ? ನಮ್ಮಲ್ಲಿ ಇಂಥದ್ದಕ್ಕೆ ಹೊರಗಿನಿಂದ ಕನ್ಸಲ್ಟೆಂಟ್ ಕರೆಸುತ್ತಾರೆ. ಈವತ್ತೇ ದಿನಾಂಕ ಸಮೇತ ಬರೆದಿಟ್ಟುಕೊಳ್ಳಿ. ಮ್ಯಾನೇಜರ್ ಹತ್ತಿರ ಒಂದು ಇಮೇಲ್ ತರಿಸಿಕೊಳ್ಳಿ, ನಾಳೆ ಅವರು ಕೆಲಸ ಬಿಟ್ಟರೆ ಸಾಕ್ಷಿ ಇರುವುದಿಲ್ಲ.

ಕಡಲ_ಕರೆ
ಮತ್ತೆ ಅರ್ಜಿಯಲ್ಲಿ ಅನುಭವವನ್ನು ಜುಲೈ 31ರವರೆಗೆ ಮಾತ್ರ ಎಣಿಸಿ. ಸೆಪ್ಟೆಂಬರ್ 2022ರಿಂದ ಅಂದರೆ ನಿಮಗೆ 34 ಚಿಲ್ಲರೆ ತಿಂಗಳು. 36 ಅಂತ ಹಾಕಬೇಡಿ.

ಲೆಕ್ಕದ_ಮೇಷ್ಟ್ರು
ಈಗ ನನ್ನ ಉತ್ತರ ಹೇಳುತ್ತೇನೆ, ತಂಗಿ ನೇರವಾಗಿ ಕೇಳಿದ್ದಾರೆ. ಈಗಿನ 94ಕ್ಕೆ ಬೆಂಗಳೂರು ಇಲ್ಲ. ಜನರಲ್, ಪಿಯುಸಿ 83, ಬಿಇ 71.5 ಇಟ್ಟುಕೊಂಡು ಬೆಂಗಳೂರಿನ ಕರೆ ಬೇಕು ಅಂದರೆ 99ರ ಮೇಲೆ ಚೆನ್ನಾಗಿ ಹೋಗಬೇಕು. ಆಗಲೂ ಖಾತ್ರಿ ಇಲ್ಲ. 97, 98 ಬಂದರೆ ಹೊಸ ಐಐಎಂಗಳ ಕ್ಯಾಪ್ ಕರೆಗೆ ಒಳ್ಳೆ ಆಸೆ ಇಟ್ಟುಕೊಳ್ಳಬಹುದು. ಗಣಿತ, ಡಿಐಎಲ್ಆರ್ ಎರಡೂ 95ರ ಮೇಲೆ ಇರುವವರಿಗೆ ಇಂಗ್ಲಿಷ್ ಒಂದು 78ರಿಂದ 90ಕ್ಕೆ ಬಂದರೆ ಒಟ್ಟು ತಾನಾಗಿ ಮೇಲೆ ಬರುತ್ತದೆ. ನಾಲ್ಕು ತಿಂಗಳಿದೆ. 65 ಸಾವಿರ ಕೊಡಬೇಡಿ. ಗಣಿತದಲ್ಲಿ ಅನುಮಾನ ಬಂದರೆ ಇಲ್ಲಿ ಹಾಕಿ, ರಾತ್ರಿ ಒಂಬತ್ತರ ಮೇಲೆ ನಾನಿರುತ್ತೇನೆ.

ಬನಶಂಕರಿ_ಬಸ್
ಮೇಷ್ಟ್ರ ಮಾತಿಗೆ ನನ್ನದೂ ಒಪ್ಪಿಗೆ. ನಾನು ಒರಟಾಗಿ ಹೇಳಿದೆ, ಬೇಜಾರು ಮಾಡ್ಕೋಬೇಡಿ. ನಾನು ಎರಡು ಸಲ ಬರೆದು ಬಿಟ್ಟವನು. ಪಿಯುಸಿ 68 ಇಟ್ಟುಕೊಂಡು ಎರಡು ವರ್ಷ ಬೆಂಗಳೂರು ಬೆಂಗಳೂರು ಅಂತಲೇ ಓದಿದೆ, ಬೇರೆ ಕಡೆ ಫಾರಂ ಕೂಡ ಹಾಕಲಿಲ್ಲ. ಯಾರೂ ಮೊದಲೇ ಹೀಗೆ ಕೂರಿಸಿ ಲೆಕ್ಕ ಹೇಳಲಿಲ್ಲ.

ಅಡಿಕೆ_ತೋಟ
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಹಾಸನದವರು ಹೇಳಿದ ಹಾಗೆ ಒಂದೊಂದು ಕಾಲೇಜಿಗೂ ಒಂದು ಪುಟ ಮಾಡಿದೆ. ಎಂಟು ಪುಟ ಆಯಿತು. ಬೆಂಗಳೂರಿನ ಪುಟ ಕಿತ್ತು ಹಾಕಿಲ್ಲ, ಕೊನೆಗೆ ಇಟ್ಟಿದ್ದೇನೆ. ಮೊದಲ ಪುಟ ಐಐಎಸ್‌ಸಿ. ಸಂಪಾದಕೀಯ ಓದಿ ಕನ್ನಡದಲ್ಲಿ ಬರೆಯುವುದು ಈವತ್ತಿನಿಂದ ಶುರು. ಮೊದಲನೇ ದಿನ ಆರು ಪ್ಯಾರಾದಲ್ಲಿ ಎರಡಕ್ಕೆ ಸಾಲು ಬರೆಯಲಾಗಲಿಲ್ಲ.

ಅಪ್ಪನಿಗೆ ಫೋನ್ ಮಾಡಿ ಡೈರಿಗಳನ್ನೆಲ್ಲ ಫೋಟೋ ತೆಗೆದು ಕಳಿಸಿ ಅಂದೆ. ಯಾಕೆ ಅಂತ ಕೇಳಿದರು. ಇಂಟರ್‌ವ್ಯೂಗೆ ಅಂದೆ. "ನನ್ನ ಅಕ್ಷರ ಚೆನ್ನಾಗಿಲ್ಲವಲ್ಲ" ಅಂದರು.

ಮಂಡ್ಯ_ಬೆಲ್ಲ
ಪರೀಕ್ಷೆಗೆ ಯಾವ ಊರು ಹಾಕ್ತೀರಾ ಅಕ್ಕ? ಐದು ಊರು ಕೇಳುತ್ತೆ. ನಾನು ಮೈಸೂರು ಮೊದಲು ಹಾಕ್ತಿದ್ದೀನಿ.

ಅಡಿಕೆ_ತೋಟ
ಬೆಂಗಳೂರು ಮೊದಲು, ಆಮೇಲೆ ಹುಬ್ಬಳ್ಳಿ, ಮೈಸೂರು, ಮಂಗಳೂರು, ಬೆಳಗಾವಿ.

ಧಾರವಾಡ_ಫೇಡೆ
ಹುಬ್ಬಳ್ಳಿ ಬಂದ್ರ ಮೆಸೇಜ್ ಹಾಕ್ರಿ ತಂಗೀ. ಹಿಂದಿನ ದಿನಾನೇ ಬರ್ರಿ, ನಮ್ಮ ಮನ್ಯಾಗ ನನ್ನ ಹೆಂಡತಿ, ಅವ್ವ ಇದಾರ. ಮುಂಜಾನಿ ಶಿಫ್ಟ್ ಇದ್ರ ಎಂಟೂವರಿಗೆ ಪರೀಕ್ಷೆ ಚಾಲೂ ಆಗತೈತಿ, ಅಷ್ಟು ಬೇಗ ಬಸ್ಸು ನಂಬಬ್ಯಾಡ್ರಿ.

ಲೆಕ್ಕದ_ಮೇಷ್ಟ್ರು
ಅರ್ಜಿ ಸಬ್‌ಮಿಟ್ ಮಾಡುವ ಮೊದಲು ಪಿಯುಸಿ ಕಾಲಂ ಇನ್ನೊಮ್ಮೆ ನೋಡಿ.

ಅಡಿಕೆ_ತೋಟ
ನೋಡಿದೆ ಸರ್. ಆರೂ ವಿಷಯ ಸೇರಿಸಿ 498.